ನಿಮ್ಮ ಮನೆಯ ದೀಪಕ್ಕೆ ಕರೆಂಟು ಎಲ್ಲಿಂದ ಬರುತ್ತದೆ?

ನಾನು ಸಿಡುಕಿನ ಹೆಂಗಸು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಮುಚ್ಚಿಟ್ಟರೂ ನನ್ನ ಕೈಯಲ್ಲಿ ಕಲಿತವರು ಬಿಡುವುದಿಲ್ಲ. ವಿಜಯಪುರದ ಒಂದು ಇಂಜಿನಿಯರಿಂಗ್ ಕಾಲೇಜಿನ ಎಲೆಕ್ಟ್ರಿಕಲ್ ವಿಭಾಗಕ್ಕೆ ಉಪನ್ಯಾಸಕಿಯಾಗಿ ಸೇರಿದವಳು ಅದೇ ವಿಭಾಗದ ಮುಖ್ಯಸ್ಥೆಯಾಗಿ ನಿವೃತ್ತಳಾದೆ. ಮೊನ್ನೆ ಅಲ್ಲಿಗೆ ಹೊಸದಾಗಿ ಸೇರಿದ ಇಬ್ಬರು ಮನೆಗೆ ಬಂದಿದ್ದರು. "ಮೇಡಂ, ಮುಂದಿನ ತಿಂಗಳ ಎಂ.ಟೆಕ್ ಹುಡುಗರ ಸಮಗ್ರ ಪರೀಕ್ಷಾ ಐತ್ರಿ. ನಮ್ಮನ್ನೂ ಪರೀಕ್ಷಕರ ಪೈಕಿ ಹಾಕ್ಯಾರ. ಏನೇನ್ ಕೇಳ್ಬೇಕ್ರಿ?" ಎಂದರು. ಇಬ್ಬರ ಕೈಯಲ್ಲೂ ಅಚ್ಚು ಹಾಕಿಸಿಕೊಂಡು ಬಂದ ಪ್ರಶ್ನೆಗಳ ದಪ್ಪ ಕಟ್ಟು. ಅದನ್ನು ನೋಡಿಯೇ ನನಗೆ ರೇಗಿತು. ಚಹಾ ಕೊಟ್ಟು ಕಳಿಸಿದೆ. ಆಮೇಲೆ ಪಾಪ ಅನಿಸಿ ಇದನ್ನು ಬರೆಯಲು ಕೂತೆ.

ಸಮಗ್ರ ಪರೀಕ್ಷೆ ಎಂದರೆ ಏನೆಂದು ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಎಂ.ಟೆಕ್ ಓದುವವರು ಒಂದೊಂದು ವಿಷಯವನ್ನೂ ಬರೆದು ಪಾಸಾದ ಮೇಲೆ, ಕೊನೆಯಲ್ಲಿ ಎಲ್ಲವನ್ನೂ ಸೇರಿಸಿ ಬಾಯಿಮಾತಿನಲ್ಲಿ ಒಂದು ಪರೀಕ್ಷೆ. ಮೂವರು ಪರೀಕ್ಷಕರು, ಅವರಲ್ಲಿ ಒಬ್ಬರು ಬೇರೆ ಊರಿನಿಂದ ಬಂದವರು. ಎದುರಿಗೆ ಒಬ್ಬನೇ ವಿದ್ಯಾರ್ಥಿ, ಹಿಂದೆ ಕರಿಹಲಗೆ. ಮೋಟರು, ಟ್ರಾನ್ಸ್‌ಫಾರ್ಮರು, ಲೈನು, ರಿಲೇ ಯಾವುದನ್ನು ಬೇಕಾದರೂ ಕೇಳಬಹುದು. ಬರೆಯುವ ಪರೀಕ್ಷೆಯಲ್ಲಿ ಮೊದಲ ಶ್ರೇಣಿ ಪಡೆದವರ ಬಾಯಿಯೂ ಇಲ್ಲಿ ಕಟ್ಟಿಹೋಗುವುದನ್ನು ನೋಡಿದ್ದೇನೆ.

ಇದನ್ನು ನಡೆಸುವುದು ಹೇಗೆಂದು ನನಗೆ ಕಲಿಸಿದವರು ನಮ್ಮ ಮೊದಲಿನ ಮುಖ್ಯಸ್ಥರಾದ ಬಿರಾದಾರ ಸರ್. ದೊಡ್ಡ ದೇಹ, ಸಣ್ಣ ದನಿ. ಅಂಗಿಯ ಜೇಬಿನಲ್ಲಿ ಯಾವಾಗಲೂ ಸೀಮೆಸುಣ್ಣದ ಕಡ್ಡಿ. ನಾನು ಮೊದಲ ಸಲ ಪರೀಕ್ಷಕಿಯಾಗಿ ಕೂತ ದಿನ ನನ್ನ ಪ್ರಶ್ನೆಗಳ ಹಾಳೆಯನ್ನು ಇಸಿದುಕೊಂಡು, ಮಡಚಿ, ಕುಂಟುತ್ತಿದ್ದ ಮೇಜಿನ ಕಾಲಿನ ಕೆಳಗೆ ಇಟ್ಟರು. "ಈಗ ನೋಡ್ರಿ, ಕೆಲಸಕ್ಕ ಬಂತು" ಎಂದರು. ಆಮೇಲೆ ಒಳಗೆ ಬಂದ ಹುಡುಗನಿಗೆ ಸುಣ್ಣದ ಕಡ್ಡಿ ಕೊಟ್ಟು, ಅವರು ಕೊನೆಯವರೆಗೂ ಬಿಡದ ಆ ಪ್ರಶ್ನೆ ಕೇಳಿದರು.

"ನಿಮ್ಮ ಮನಿ ದೀಪಕ್ಕ ಕರೆಂಟ್ ಎಲ್ಲಿಂದ ಬರತೈತಿ? ಚಿತ್ರ ತಗದು ತೋರಸ್ರಿ."

ಅಷ್ಟೇ. ಮನೆಯ ಬಲ್ಬಿನಿಂದ ಶುರುಮಾಡಿ ಓಣಿಯ ಕಂಬ, ಊರಿನ ಟ್ರಾನ್ಸ್‌ಫಾರ್ಮರ್, ಅಲ್ಲಿಂದ ಉಪಕೇಂದ್ರ, ಅದರಿಂದಾಚೆ ದೊಡ್ಡ ಲೈನು, ಹೀಗೆ ಹಿಂದಕ್ಕೆ ಹಿಂದಕ್ಕೆ ಹೋಗಿ ಚಿತ್ರ ಬರೆಯಬೇಕು. ಮುಂದಿನ ಪ್ರಶ್ನೆಗಳೆಲ್ಲ ಆ ಚಿತ್ರದಿಂದಲೇ ಹುಟ್ಟಬೇಕು. ಈ ಕಂಬದ ಮೇಲೆ ಕೊಂಬೆ ಬಿದ್ದರೆ ಯಾವುದು ಮೊದಲು ಬಂದ್ ಆಗಬೇಕು? ಈ ಟ್ರಾನ್ಸ್‌ಫಾರ್ಮರ್ ಯಾಕೆ ಗುಂಯ್ ಎನ್ನುತ್ತದೆ? ಪುಸ್ತಕದಲ್ಲಿರುವುದೆಲ್ಲ ಒಂದಲ್ಲ ಒಂದು ಕಡೆ ಆ ಗೆರೆಗಳ ಮೇಲೆ ಬಂದು ಕೂರುತ್ತಿತ್ತು. ಎಂಥ ಬುದ್ಧಿವಂತ ಮನುಷ್ಯ ಎಂದು ನಾನು ಅವತ್ತೇ ಸೋತುಹೋದೆ.

ಅವರವು ಇನ್ನೂ ಮೂರು ಕಟ್ಟಳೆಗಳಿದ್ದವು. ವಿದ್ಯಾರ್ಥಿ "ಗೊತ್ತಿಲ್ರಿ" ಎಂದರೆ ಅಂಕ ಕತ್ತರಿಸಬಾರದು, ಇನ್ನೊಂದು ಪ್ರಶ್ನೆ ಕೊಡಬೇಕು. ಗೊತ್ತಿಲ್ಲದೆ ಬುರುಡೆ ಬಿಟ್ಟರೆ ಮಾತ್ರ ಕತ್ತರಿಸಬೇಕು. ಕಲಿಸಿದ ಮೇಷ್ಟ್ರು ತಮ್ಮ ವಿದ್ಯಾರ್ಥಿಗೆ ಕಣ್ಣು, ಕೆಮ್ಮು ಯಾವುದರಿಂದಲೂ ಸುಳಿವು ಕೊಡಬಾರದು. ಮತ್ತು ಎಲ್ಲ ಮುಗಿದ ಮೇಲೆ ವಿದ್ಯಾರ್ಥಿ ಪರೀಕ್ಷಕರಿಗೆ ಒಂದು ಪ್ರಶ್ನೆ ಕೇಳಬೇಕು. ಬಹಳ ಮಂದಿ "ಫಲಿತಾಂಶ ಯಾವಾಗ್ರಿ?" ಎಂದು ಕೇಳಿ ಅದನ್ನು ಹಾಳುಮಾಡಿಕೊಳ್ಳುತ್ತಿದ್ದರು.

ಮೊದಲ ಪ್ರಶ್ನೆ ಯಾವುದೆಂದು ಎಲ್ಲರಿಗೂ ಗೊತ್ತಾದ ಮೇಲೆ ಹುಡುಗರು ಸುಮ್ಮನಿರುತ್ತಾರೆಯೇ? ಒಂದು ವರ್ಷ ಹಾಸ್ಟೆಲಿನವರೆಲ್ಲ ಒಬ್ಬನ ಹತ್ತಿರ ಚಿತ್ರ ಬರೆಸಿಕೊಂಡು ಗಟ್ಟಿಮಾಡಿ ಬಂದರು. ಒಬ್ಬನಾದ ಮೇಲೆ ಒಬ್ಬ ಅದೇ ಕಂಬ, ಅದೇ ಟ್ರಾನ್ಸ್‌ಫಾರ್ಮರ್. ಮೂಲ ಚಿತ್ರದಲ್ಲಿ ಒಂದು ಸ್ವಿಚ್ಚು ಬಿಟ್ಟುಹೋಗಿತ್ತು, ಎಲ್ಲರ ಚಿತ್ರದಲ್ಲೂ ಬಿಟ್ಟುಹೋಯಿತು. ಬಿರಾದಾರ ಸರ್ ಮುಖದಲ್ಲಿ ಗೆರೆ ಅಲುಗಿಸದೆ, "ಹಾಸ್ಟೆಲ್ ದೀಪ ಯಾರ ಮನಿದೂ ಅಲ್ಲ. ನಿಮ್ಮ ಅವ್ವ ರೊಟ್ಟಿ ಬಡಿಯೋ ಮನಿದು ಬೇಕು" ಎಂದು ಎಲ್ಲರನ್ನೂ ಊರಿಗೆ ಅಟ್ಟಿದರು.

ಅಂದಿನಿಂದ ಒಂದು ರೂಢಿ ಬೆಳೆಯಿತು. ಪರೀಕ್ಷೆಗೆ ಮುಂಚಿನ ರಜೆಯಲ್ಲಿ ಹುಡುಗರು ತಮ್ಮ ಊರಿಗೆ ಹೋಗಿ ತಂತಿಯ ಜಾಡು ಹಿಡಿದು ನಡೆಯುತ್ತಿದ್ದರು. ಭೂತನಾಳದ ಒಬ್ಬ ಹುಡುಗಿ ಕೆರೆಯ ದಂಡೆಯ ಮೇಲೆ ತಲೆ ಮೇಲೆತ್ತಿಕೊಂಡೇ ನಡೆದು ಕೆಸರಿಗೆ ಬಿದ್ದಿದ್ದಳು. ಮಮದಾಪುರದ ಸಂಗಮೇಶನದು ಇನ್ನೂ ತಮಾಷೆ. ಬೈಕಿನ ಮೇಲೆ ಕಂಬಗಳನ್ನು ಎಣಿಸುತ್ತ ಬಬಲೇಶ್ವರದ ಉಪಕೇಂದ್ರದವರೆಗೂ ಹೋಗಿ ಬೇಲಿಗೆ ಮುಖ ಒತ್ತಿ ಚಿತ್ರ ಬರೆಯುತ್ತ ನಿಂತಿದ್ದಾನೆ. ಆ ಸುತ್ತ ತಂತಿ ಕಳವು ನಡೆಯುತ್ತಿದ್ದ ದಿನಗಳು. ಅಲ್ಲಿನವರು ಹಿಡಿದು ಕೂರಿಸಿದರು. ನನಗೆ ಫೋನು ಬಂತು.

"ಇವ ನಿಮ್ಮ ಹುಡುಗ ಅಂತ ಹೇಳಾಕತ್ತಾನ. ಖರೇ ಏನ್ರಿ?"

"ಖರೇನ. ಏನ್ ಮಾಡಾಕತ್ತಾನ?"

"ನಮ್ಮ ಸ್ವಿಚ್ ಎಲ್ಲಾ ಕಾಗದದ ಮ್ಯಾಲ ಇಳಿಸ್ಯಾನ್ರಿ."

"ಸರಿಯಾಗಿ ಇಳಿಸ್ಯಾನೋ ಇಲ್ಲೋ, ಅದನ್ನ ಒಂಚೂರು ನೋಡಿ ಕಳಸ್ರಿ" ಎಂದೆ. ಅವರು ನಕ್ಕು, ಒಳಗೆ ಕರೆದು ಎಲ್ಲ ತೋರಿಸಿ ಕಳಿಸಿದರು. ಆ ವರ್ಷ ಸಂಗಮೇಶನಷ್ಟು ಸ್ಪಷ್ಟವಾಗಿ ಉತ್ತರ ಕೊಟ್ಟವರು ಇನ್ನೊಬ್ಬರಿಲ್ಲ.

ಕಾಲ ಬದಲಾಯಿತು. ಕರಿಹಲಗೆಯ ಪಕ್ಕಕ್ಕೆ ಪ್ರೊಜೆಕ್ಟರ್ ಬಂತು, ಹುಡುಗರು ಬಣ್ಣಬಣ್ಣದ ಸ್ಲೈಡುಗಳ ಹಿಂದೆ ಅಡಗಿಕೊಳ್ಳಲು ಕಲಿತರು. ಒಮ್ಮೆ ಒಬ್ಬ ಚಂದದ ಸ್ಲೈಡು ತೋರಿಸುತ್ತಿದ್ದಾಗಲೇ ಕರೆಂಟು ಹೋಯಿತು. ಕೋಣೆ ಕತ್ತಲಾಯಿತು. ಬಿರಾದಾರ ಸರ್ ಸಣ್ಣ ದನಿಯಲ್ಲಿ, "ಛಲೋ ಆತು. ಈಗ ಹೇಳ್ರಿ, ಎಲ್ಲಿ ಹೋತು?" ಎಂದರು. ಹುಡುಗ ಕಿಟಕಿ ತೆರೆದು ಎದುರಿನ ಓಣಿಯಲ್ಲಿ ದೀಪ ಇದೆಯೋ ಇಲ್ಲವೋ ನೋಡಿ, ಕಾಲೇಜಿನ ಫ್ಯೂಸೋ ಹೊರಗಿನ ಲೈನೋ ಎಂದು ತರ್ಕ ಮಾಡಿ ಹೇಳಿದ. ಸ್ಲೈಡು ನೋಡದೆಯೇ ಅವನಿಗೆ ಒಳ್ಳೆಯ ಅಂಕ ಬಿತ್ತು. ಈಚೆಗೆ ಸಮಗ್ರ ಪರೀಕ್ಷೆಯನ್ನೂ ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಹಾಗೆ ಕಂಪ್ಯೂಟರಿನಲ್ಲಿ ಮಾಡಿಬಿಡೋಣ ಎಂಬ ಮಾತು ಅಲ್ಲಲ್ಲಿ ಕೇಳುತ್ತೇನೆ. ಮಾಡಲಿ. ಆದರೆ ರೇಣುಕಾಳ ಕಥೆ ಕೇಳಿದ ಮೇಲೆ ಮಾಡಲಿ.

ರೇಣುಕಾ ಬಿಜ್ಜರಗಿಯವಳು. ತಿಕೋಟಾ ದಾಟಿ ಹೋದರೆ ಸಿಗುವ ಊರು. ತಂದೆ ಮಲ್ಲಪ್ಪನಿಗೆ ದ್ರಾಕ್ಷಿ ತೋಟ, ಒಂದು ಬಾವಿ, ಅದಕ್ಕೊಂದು ಮೋಟರು. ಮಗು ಹುಟ್ಟಿದ್ದರಿಂದ ಓದು ನಡುವೆ ನಿಂತು, ಮತ್ತೆ ಬಂದು ಸೇರಿದವಳು. ಹೊಟ್ಟೆಪಾಡಿಗೆ ಒಂದು ಪಾಲಿಟೆಕ್ನಿಕ್‌ನಲ್ಲಿ ತಾತ್ಕಾಲಿಕವಾಗಿ ಪಾಠ ಮಾಡುತ್ತಿದ್ದಳು, ಎಂ.ಟೆಕ್ ಆದರೆ ಕೆಲಸ ಕಾಯಂ, ಇಲ್ಲದಿದ್ದರೆ ಅದೂ ಇಲ್ಲ. ಸಮಗ್ರ ಪರೀಕ್ಷೆಯಲ್ಲಿ ಮೊದಲ ಸಲ ಗಾಬರಿಯಾಗಿ ಮಾತೇ ಹೊರಡದೆ ನಪಾಸಾಗಿದ್ದಳು. ನಿಯಮದ ಪ್ರಕಾರ ಎರಡನೆಯದೇ ಕೊನೆಯ ಅವಕಾಶ.

ಆ ಹೊತ್ತಿಗೆ ಬಿರಾದಾರ ಸರ್ ನಿವೃತ್ತರಾಗಿ, ಅವರ ಕುರ್ಚಿಯಲ್ಲಿ ನಾನಿದ್ದೆ. ಪರೀಕ್ಷೆಗೆ ಕೆಲವು ದಿನ ಮುಂಚೆ ರೇಣುಕಾ ನನ್ನ ಕೋಣೆಗೆ ಬಂದು ಕೂತಳು. ಸಿದ್ಧತೆ ಹೇಗಿದೆ ಎಂದು ಕೇಳಿದೆ.

"ಮನ್ಯಾಗ ಮೋಟರ್ ಬಗ್ಗೆ ಏನರ ಹೇಳಾಕ ಹೋದ್ರ ನಮ್ಮಪ್ಪ ನಗತಾನ್ರಿ ಮೇಡಂ. 'ನಿನ್ನ ಪುಸ್ತಕದಾಗಿನ ಮೋಟರ್ ಬ್ಯಾರೆ, ನಮ್ಮ ಬಾವಿ ಮೋಟರ್ ಬ್ಯಾರೆ' ಅಂತಾನ. ಇಷ್ಟ ಓದಿ ನನಗ ಏನ್ ಬಂತ್ರಿ?"

"ಮೊದಲ ಪರೀಕ್ಷಾ ಮುಗಸು. ಅಪ್ಪನ್ನ ಆಮ್ಯಾಲ ನೋಡ್ಕೊಳ್ಳೂಣು" ಎಂದು ಗದರಿ ಕಳಿಸಿದೆ. ನಾನು ಸಮಾಧಾನ ಮಾಡುವ ರೀತಿಯೇ ಅಷ್ಟು.

ಆ ಸಲ ಹೊರಗಿನಿಂದ ಬಂದ ಪರೀಕ್ಷಕರು ಮೂರ್ತಿಯವರು, ಮೈಸೂರು ಕಡೆಯವರು. ಮೆದು ಮಾತು, ಕಟ್ಟುನಿಟ್ಟಿನ ಮನುಷ್ಯ. ಮೂರನೆಯವರು ನಮ್ಮ ವಿಭಾಗದ ಒಬ್ಬ ಹಿರಿಯ ಸಹೋದ್ಯೋಗಿ. ರೇಣುಕಾ ಕರಿಹಲಗೆಯ ಮೇಲೆ ತನ್ನ ಮನೆಯ ದೀಪದಿಂದ ಹಿಡಿದು ತಿಕೋಟಾದ ಉಪಕೇಂದ್ರದವರೆಗೂ ಒಂದು ತಪ್ಪಿಲ್ಲದೆ ಬರೆದಳು. ಪಕ್ಕದಲ್ಲಿ ಅಪ್ಪನ ಬಾವಿಯನ್ನೂ ಮೋಟರನ್ನೂ ಬರೆದಳು. ಮೂರ್ತಿಯವರು ಆ ಮೋಟರಿನ ಮೇಲೆಯೇ ಬೆರಳಿಟ್ಟರು.

"ಇದು ಮೂರು ಫೇಸಿನ ಮೋಟರು. ಮೂರರಲ್ಲಿ ಒಂದು ತಂತಿ ಸತ್ತಿದೆ ಅಂದುಕೊಳ್ಳಿ. ಸ್ವಿಚ್ ಒತ್ತಿದರೆ ಮೋಟರ್ ಶುರುವಾಗುತ್ತಾ?"

"ಆಗತೈತ್ರಿ ಸರ್" ಎಂದಳು ರೇಣುಕಾ, ಒಂದು ಕ್ಷಣವೂ ಯೋಚಿಸದೆ.

ಬಿ.ಇ. ಓದುವ ಹುಡುಗರಿಗೂ ಗೊತ್ತಿರುವ ಮಾತು ಇದು: ಓಡುತ್ತಿರುವ ಮೋಟರ್ ಹೇಗೋ ಓಡೀತು, ನಿಂತ ಮೋಟರ್ ಎರಡು ತಂತಿಯ ಮೇಲೆ ಶುರುವಾಗುವುದಿಲ್ಲ, ಗುಂಯ್ ಎಂದು ನಿಂತು ಬಿಸಿಯಾಗುತ್ತದೆ. ಮೂರ್ತಿಯವರು ಮತ್ತೊಮ್ಮೆ ಕೇಳಿದರು. ಅವಳು ಮತ್ತೂ ಗಟ್ಟಿಯಾಗಿ, "ಆಗತೈತ್ರಿ. ದಿನಾ ನೋಡ್ತೀನಿ" ಎಂದಳು. ಅವರು ಪೆನ್ನು ತೆಗೆದು ಅಂಕದ ಹಾಳೆಯ ಮೇಲೆ ಏನೋ ಬರೆದರು.

ಅವಳು ಯಾಕೆ ಹಾಗೆಂದಳೆಂದು ನನಗೆ ತಕ್ಷಣ ಹೊಳೆದಿತ್ತು. ನಮ್ಮ ಕಡೆ ಹೊಲಗಳಿಗೆ ಮೂರು ಫೇಸು ಸಿಗುವುದು ದಿನದ ಕೆಲವು ತಾಸು ಮಾತ್ರ. ಉಳಿದ ಹೊತ್ತಿನಲ್ಲಿ ರೈತರು ಸತ್ತ ತಂತಿಯ ಜಾಗಕ್ಕೆ ಕಂಡೆನ್ಸರ್ ಎಂಬ ಒಂದು ಸಣ್ಣ ಡಬ್ಬಿ ಸಿಕ್ಕಿಸಿ ಮೋಟರ್ ಎಬ್ಬಿಸುತ್ತಾರೆ. ಮಾಡಬಾರದು, ಆದರೆ ಮಾಡದ ಬಾವಿಯಿಲ್ಲ. ಕಂಡೆನ್ಸರ್ ಇಲ್ಲದ ಮೋಟರನ್ನು ಬಿಜ್ಜರಗಿಯ ಆ ಹುಡುಗಿ ಹುಟ್ಟಿದಾಗಿನಿಂದ ನೋಡಿಯೇ ಇರಲಿಲ್ಲ. ಅವಳ ಲೆಕ್ಕದಲ್ಲಿ ಮೋಟರ್ ಅಂದರೆ ಕಂಡೆನ್ಸರೂ ಸೇರಿದಂತೆಯೇ. ಒಂದು ಮಾತು ಹೇಳಿದ್ದರೆ ಸಾಕಿತ್ತು, ನಾಲಿಗೆಯ ತುದಿಗೆ ಬಂದಿತ್ತು. ಆದರೆ ಬಿರಾದಾರ ಸರ್ ಕಟ್ಟಳೆ. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ಸುಮ್ಮನೆ ಕೂತೆ. ನನ್ನ ವೃತ್ತಿಯಲ್ಲಿ ಅಷ್ಟು ಕಷ್ಟದ ಕೆಲಸ ಇನ್ನೊಂದು ಮಾಡಿಲ್ಲ.

ರೇಣುಕಾ ಮೂರ್ತಿಯವರ ಪೆನ್ನು ನೋಡಿದಳು, ನನ್ನನ್ನು ನೋಡಲಿಲ್ಲ. ತಿರುಗಿ ತನ್ನ ಚಿತ್ರದ ಎದುರು ನಿಂತಳು. ಬೆರಳಿನಿಂದ ಬಾವಿಯ ತಂತಿಯನ್ನು ಸವರುತ್ತ ಬಂದು ಮೋಟರಿನ ಹತ್ತಿರ ನಿಲ್ಲಿಸಿದಳು.

"ಸರ್, ನಾ ತಪ್ಪು ಹೇಳಿದೆ. ನಾ ತಗದಿದ್ದ ಮೋಟರ್ ಚಾಲೂ ಆಗಂಗಿಲ್ಲ. ನಮ್ಮ ಮೋಟರಿಗೆ ಕಂಡೆನ್ಸರ್ ಐತಿ. ಅದನ್ನ ಚಿತ್ರದಾಗ ತಗಿಯೂದ ಮರತೀನಿ" ಎಂದು ಅದನ್ನೂ ಬರೆದು, ಸತ್ತುಹೋದ ಮೂರನೇ ಫೇಸನ್ನು ಆ ಡಬ್ಬಿ ಹೇಗೆ ಹುಟ್ಟಿಸುತ್ತದೆ ಎಂದು ವಿವರಿಸಿದಳು. ಮೂರ್ತಿಯವರು ತಲೆಯಾಡಿಸಿದರು, ಆದರೆ ಬರೆದ ಅಂಕ ತಿದ್ದಲಿಲ್ಲ. "ಎರಡು ಸಲ ಕೇಳಿದೆ, ಎರಡು ಸಲವೂ ತಪ್ಪು ಹೇಳಿದಿರಿ" ಎಂದು, ನನ್ನ ಕಡೆ ತಿರುಗಿ, "ನಾಳೆ ಇವರು ಮಕ್ಕಳಿಗೆ ಪಾಠ ಹೇಳುವವರು" ಎಂದರು. ಅವರದೂ ತಪ್ಪಲ್ಲ. ಉಳಿದ ಪ್ರಶ್ನೆಗಳಿಗೆ ಅವಳು ಹೇಗೋ ಉತ್ತರಿಸಿದಳು, ಪಾಸಿನ ಗೆರೆ ಮಾತ್ರ ಇನ್ನೂ ಆಚೆಗೇ ಇತ್ತು.

ಕೊನೆಗೆ ನಾನು ಹೇಳಬೇಕಾದದ್ದು ಹೇಳಿದೆ. "ರೇಣುಕಾ, ನಮಗ ಒಂದು ಪ್ರಶ್ನೆ ಕೇಳು."

"ನಮ್ಮ ಮೋಟರ್ ಮಳಿಗಾಲದಾಗ ಸುಡಂಗಿಲ್ರಿ. ಪ್ರತಿ ಬ್ಯಾಸಿಗಿ ಸುಟ್ಟ ಸುಡತೈತಿ, ವೈಂಡಿಂಗ್ ಮಾಡಸಾಕ ತಿಕೋಟಾಕ್ಕ ಒಯ್ಯೂದ. ಅದ ಮೋಟರ್, ಅದ ಕಂಡೆನ್ಸರ್. ಯಾಕ್ರಿ?"

"ಬೇಸಿಗೆಯಲ್ಲಿ ವೋಲ್ಟೇಜ್ ಬೀಳುತ್ತೆ" ಎಂದರು ಮೂರ್ತಿಯವರು.

"ಮೀಟರ್ ಹಚ್ಚಿ ನೋಡೀನ್ರಿ ಸರ್. ನಮ್ಮಲ್ಲಿ ಅಷ್ಟೇನು ಬೀಳಂಗಿಲ್ಲ."

ಮೂರ್ತಿಯವರು ಎದ್ದು ಕರಿಹಲಗೆಯ ಹತ್ತಿರ ಹೋದರು, ಸುಣ್ಣದ ಕಡ್ಡಿ ಹಿಡಿದರು, ಏನೋ ಬರೆದು ಅಳಿಸಿದರು. ಆಮೇಲೆ ನನಗೆ ಅವರ ಮೇಲೆ ಅಪಾರ ಗೌರವ ಹುಟ್ಟಿಸಿದ ಮಾತು ಹೇಳಿದರು: "ನನಗೆ ಗೊತ್ತಿಲ್ಲಮ್ಮ. ನಿಮಗೇನನ್ನಿಸುತ್ತೆ?"

ರೇಣುಕಾ ಅವರ ಕೈಯಿಂದ ಸುಣ್ಣದ ಕಡ್ಡಿ ತೆಗೆದುಕೊಂಡಳು. ಕಂಡೆನ್ಸರಿನ ಅಳತೆ ಬದಲಾಗುವುದಿಲ್ಲ, ಒಂದು ಮಟ್ಟದ ಹೊರೆಗೆ ಮಾತ್ರ ಅದು ಹೊಂದುತ್ತದೆ. ಬೇಸಿಗೆಯಲ್ಲಿ ಬಾವಿಯ ನೀರು ಇಳಿಯುತ್ತದೆ, ಪಂಪು ಎತ್ತುವ ನೀರು ಕಡಿಮೆಯಾಗುತ್ತದೆ, ಮೋಟರಿನ ಹೊರೆ ಹಗುರಾಗುತ್ತದೆ. ಆಗ ಅದೇ ಕಂಡೆನ್ಸರ್ ಅತಿಯಾಗಿ, ಮೋಟರಿನೊಳಗಿನ ತಂತಿಯ ಒಂದು ಸುರುಳಿಯಲ್ಲಿ ಕರೆಂಟು ಏರುತ್ತದೆ. ಹಗುರಾದ್ದರಿಂದಲೇ ಸುಡುತ್ತದೆ. ಹೇಳುತ್ತ ಹೇಳುತ್ತ ಅವಳ ದನಿ ಏರಿತು. ಮೊದಲ ಸಲ ಬಾಯಿ ಬಿಡದೆ ಹೋದ ಹುಡುಗಿ ಇವಳೇನಾ ಎಂದು ನಾನು ನೋಡುತ್ತ ಕೂತೆ.

"ನಿಮ್ಮ ಮಾತು ನಿಜವಾದರೆ, ಪಂಪಿನ ವಾಲ್ವ್ ಮುಚ್ಚಿ ಹೊರೆ ಇಳಿಸಿದರೆ ಕರೆಂಟು ಏರಬೇಕು" ಎಂದರು ಮೂರ್ತಿಯವರು. "ಇದನ್ನು ಯಾರೂ ನಂಬುವುದಿಲ್ಲ."

"ನೋಡಿಬಿಡೂಣಲ್ರಿ, ಸರ್. ನಮ್ಮ ಬಾವ್ಯಾಗ."

"ಏರಿದರೆ ನನ್ನ ಅಂಕವನ್ನು ನಾನೇ ಸಂತೋಷದಿಂದ ತಿದ್ದುತ್ತೇನೆ. ಏರದಿದ್ದರೆ ಬರೆದದ್ದೇ ಉಳಿಯುತ್ತೆ."

ಅವಳು ಒಪ್ಪಿದಳು. ಓದು, ಕೆಲಸ, ಎಲ್ಲವನ್ನೂ ಒಂದು ವಾಲ್ವಿನ ಮೇಲೆ ಇಟ್ಟುಬಿಟ್ಟಳು. ನನಗೆ ಅವಳ ಧೈರ್ಯಕ್ಕೆ ಮೆಚ್ಚುಗೆಯೂ ಆಯಿತು, ಬೈಯಬೇಕೆಂದೂ ಅನಿಸಿತು.

ಸಹಿಯಾಗದ ಅಂಕದ ಹಾಳೆ, ಮತ್ತು ತಂತಿಗೆ ಇಕ್ಕಳದ ಹಾಗೆ ಸಿಕ್ಕಿಸಿ ಕರೆಂಟು ಅಳೆಯುವ ಟಾಂಗ್ ಟೆಸ್ಟರ್ ಹಿಡಿದು ನಾಲ್ವರೂ ನನ್ನ ಕಾರಿನಲ್ಲಿ ಹೊರಟೆವು. ಸುಡು ಬೇಸಿಗೆಯ ಮಧ್ಯಾಹ್ನ. ತಿಕೋಟಾದಲ್ಲಿ ಮೂರ್ತಿಯವರು ಕಾರು ನಿಲ್ಲಿಸಲು ಹೇಳಿ ಉಪಕೇಂದ್ರವನ್ನು ಬೇಲಿಯಾಚೆಯಿಂದ ನೋಡಿ, ಅವಳ ಚಿತ್ರ ಸರಿಯಿದೆ ಎಂದರು. ಬಿಜ್ಜರಗಿಯ ತೋಟದಲ್ಲಿ ಮಲ್ಲಪ್ಪ ಮೋಟರ್ ಖೋಲಿಯ ನೆರಳಿನಲ್ಲಿ ಕೂತಿದ್ದ. ಪರೀಕ್ಷೆಗೆ ಹೋದ ಮಗಳು ಮೇಷ್ಟ್ರುಗಳನ್ನೇ ಕರೆದುಕೊಂಡು ಬಂದದ್ದು ನೋಡಿ ಗಾಬರಿಯಿಂದ ಎದ್ದ.

"ಬರ್ರಿ ಅಕ್ಕೋರ, ಬರ್ರಿ ಸರ. ಏನಾತ್ರಿ? ಏನರ ತಪ್ಪು ಮಾಡ್ಯಾಳೇನ್ರಿ?"

ವಿಷಯ ಹೇಳಿದೆವು. ಅವನು ಜೋರಾಗಿ ನಕ್ಕ. "ವಾಲ್ವ್ ಮುಚ್ಚಿದ್ರ ಮೋಟರಿಗೆ ಆರಾಮ ಆಗತೈತ್ರಿ! ಬ್ಯಾಸಿಗ್ಯಾಗ ನೀರ ಕಮ್ಮಿ ಆದ ಕೂಡ್ಲೆ ನಾ ಅರ್ಧಾ ಮುಚ್ಚಿ ಇಡತೀನಿ, ಪಾಪ, ಮೋಟರಿಗೆ ತ್ರಾಸ ಆಗಬಾರದಂತ. ಈ ಹುಡುಗಿಗೆ ಹೇಳಿ ಹೇಳಿ ಸಾಕಾಗೈತ್ರಿ, ಪುಸ್ತಕದಾಗಿನ ಮೋಟರ್ ಬ್ಯಾರೆ ಅಂತ."

ರೇಣುಕಾ ಎರಡೇ ಫೇಸಿನ ಮೇಲೆ, ಕಂಡೆನ್ಸರ್ ಸಮೇತ ಮೋಟರ್ ಚಾಲೂ ಮಾಡಿದಳು. ಕಂಡೆನ್ಸರಿಗೆ ಹೋಗುವ ತಂತಿಗೆ ಟಾಂಗ್ ಟೆಸ್ಟರ್ ಸಿಕ್ಕಿಸಿ ಮೂರ್ತಿಯವರ ಕೈಗೆ ಕೊಟ್ಟು, "ಅಪ್ಪಾ, ಮುಚ್ಚು" ಎಂದಳು.

ಮಲ್ಲಪ್ಪ ವಾಲ್ವ್ ತಿರುಗಿಸತೊಡಗಿದ. ಪೈಪಿನ ನೀರು ಸಣ್ಣದಾಯಿತು. ಎಲ್ಲರ ಕಣ್ಣೂ ಮೀಟರಿನ ಮೇಲೆ. ಮೊದಲು ಅಂಕಿ ಅಲುಗಲಿಲ್ಲ. ರೇಣುಕಾಳ ಮುಖದ ಕಡೆ ನೋಡಲು ನನಗೆ ಧೈರ್ಯವಾಗಲಿಲ್ಲ. ಮಲ್ಲಪ್ಪ ಇನ್ನಷ್ಟು ತಿರುಗಿಸಿದ. ಅಂಕಿ ಒಂದಿಷ್ಟು ಏರಿತು. ಇನ್ನೂ ತಿರುಗಿಸಿದ, ಇನ್ನೂ ಏರಿತು. ನೀರು ಬೆರಳಿನಷ್ಟು ಸಣ್ಣಗಾದಾಗ ಮೋಟರಿನ ದನಿಯೇ ಬದಲಾಗಿ, ಮೀಟರಿನ ಅಂಕಿ ಆ ಸುರುಳಿ ತಾಳುವ ಮಿತಿಯನ್ನು ದಾಟಿತು.

"ಸಾಕು, ಸಾಕು! ಸುಟ್ಟೀತು!" ಎಂದು ಮೂರ್ತಿಯವರು ಕೂಗಿದರು. ಮೈಸೂರಿನ ಆ ಮೆದು ಮನುಷ್ಯ ಕೂಗಿದ್ದನ್ನು ಕೇಳಿ ನನಗೆ ಕಣ್ಣಲ್ಲಿ ನೀರು ಬಂತು, ನಗುವೂ ಬಂತು. ರೇಣುಕಾ ಬಟನ್ ಒತ್ತಿ ಮೋಟರ್ ನಿಲ್ಲಿಸಿದಳು.

ಮೂರ್ತಿಯವರು ಹಾಳೆಯನ್ನು ಕಾರಿನ ಮೇಲೆ ಹರಡಿ ಅಂಕ ತಿದ್ದಿ, ಪಕ್ಕದಲ್ಲಿ ಚಿಕ್ಕ ಸಹಿ ಹಾಕಿ, ಕೆಳಗೆ ದೊಡ್ಡ ಸಹಿ ಹಾಕಿದರು. ಪೆನ್ನು ಮುಚ್ಚುತ್ತ ನನಗೆ ಮಾತ್ರ ಕೇಳುವ ಹಾಗೆ, "ಮೇಡಂ, ನಮ್ಮ ಮನೆಯ ದೀಪಕ್ಕೆ ಕರೆಂಟ್ ಎಲ್ಲಿಂದ ಬರುತ್ತೆ ಅಂತ ನಾನು ಇವತ್ತಿನವರೆಗೂ ನೋಡಿಲ್ಲ. ಊರಿಗೆ ಹೋದ ಮೇಲೆ ಮೊದಲು ಅದನ್ನು ನೋಡಬೇಕು" ಎಂದರು.

ಅದಕ್ಕೇ ಹೇಳುತ್ತೇನೆ, ಹೊಸದಾಗಿ ಪರೀಕ್ಷಕರಾಗುವವರೇ, ನಿಮ್ಮ ಪ್ರಶ್ನೆಗಳ ಕಟ್ಟನ್ನು ಯಾವುದಾದರೂ ಕುಂಟುವ ಮೇಜಿನ ಕೆಳಗೆ ಇಡಿ. ವಿದ್ಯಾರ್ಥಿಯ ಪ್ರಶ್ನೆಗೆ ಜಾಗ ಬಿಡಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ.

ನಾವು ಹೊರಡುವಾಗಲೂ ಮಲ್ಲಪ್ಪ ಮೋಟರ್ ಖೋಲಿಯಲ್ಲೇ ನಿಂತಿದ್ದ. ಮಗಳು ಪಾಸಾದಳೆಂದು ಹೇಳಿದಾಗ ತಲೆಯಾಡಿಸಿದ್ದ, ಆದರೆ ಕಣ್ಣು ವಾಲ್ವಿನ ಮೇಲೆಯೇ ಇತ್ತು.

"ಹಂಗಾರ ಇಷ್ಟ ವರ್ಷ ಅದನ್ನ ನಾನ ಸುಟ್ಟೆನೇನವ್ವಾ?"

"ಇಲ್ಲಪಾ. ನನಗೂ ಇವತ್ತ ಗೊತ್ತಾತು."

ಅವನು ಬಗ್ಗಿ ವಾಲ್ವನ್ನು ಪೂರ್ತಿ ತೆರೆದ. ಆಮೇಲೆ ಸ್ಟಾರ್ಟರಿನ ಬಟನ್ ಒತ್ತಲು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಮಗಳ ಮುಖ ನೋಡಿದ.

"ಒತ್ತಲೇನವ್ವಾ?" ಎಂದು ಕೇಳಿದ.